ಬಿಸಿಲಿಗಿಟ್ಟ ಆರು ಸೆಲ್ಲು

'ಯಂತ್ರವು ಶಿಕ್ಷಕನ ಸ್ಥಾನವನ್ನು ತುಂಬಬಲ್ಲದು' ಎಂಬ ವಿಷಯದ ಮೇಲೆ ನಾನು ರಾಯಚೂರಿನ ಚರ್ಚಾಸ್ಪರ್ಧೆಗಳಲ್ಲಿ ಎರಡು ಸಲ ಮಾತಾಡಿದ್ದೆ. ಒಂದು ಸಲ ಪರವಾಗಿ, ಒಂದು ಸಲ ವಿರೋಧವಾಗಿ. ಎರಡೂ ಸಲ ಮೊದಲ ಬಹುಮಾನ ನನಗೇ ಬಂತು. ವಿಷಯದ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂಬುದು ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬಹುಮಾನವಾಗಿ ಬಂದ ಎರಡು ಸ್ಟೀಲ್ ಲೋಟಗಳನ್ನು ಅವ್ವ ಮಜ್ಜಿಗೆಗೆ ಇಟ್ಟುಕೊಂಡಳು. ಮನೆಗೆ ಬಂದವರ ಕೈಗೆ ಕೊಡುವಾಗ, "ನೀವು ಪರ ತಗೊಳ್ರಿ, ಅವರಿಗೆ ವಿರೋಧ ಕೊಡ್ತೀನಿ" ಅನ್ನುತ್ತಿದ್ದಳು.

ಅದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮುಂದೆ ಶಿಕ್ಷಕರ ತರಬೇತಿ ಮುಗಿಸಿ, ಎಂಬತ್ತರ ದಶಕದ ಆರಂಭದಲ್ಲಿ ದೇವದುರ್ಗ ತಾಲೂಕಿನ ಒಂದು ಪ್ರಾಥಮಿಕ ಶಾಲೆಗೆ ಹೋದೆ. ದೇವದುರ್ಗದಿಂದ ಜಾಲಹಳ್ಳಿಗೆ ಹೋಗುವ ಬಸ್ಸು ಹಾದಿಯ ಮೇಲೆ ಇಳಿಸುತ್ತಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ವಾದಕ್ಕೆ ಬಂದರೆ ಸೋಲುವವಳು ನಾನೇ. ಎರಡು ಕೋಣೆ, ನಾಲ್ಕು ತರಗತಿ, ಇಬ್ಬರು ಮಾಸ್ತರರು: ನಾನು ಮತ್ತು ಮುಖ್ಯೋಪಾಧ್ಯಾಯರು. ಅವರು ಮಾನ್ವಿ ತಾಲೂಕಿನ ಕಲ್ಲೂರು ಕಡೆಯವರು. ಶನಿವಾರ ಮಧ್ಯಾಹ್ನ ಊರಿಗೆ ಹೋಗಿ, ಸೋಮವಾರ ಬೆಳಿಗ್ಗೆ ವಾರಕ್ಕಾಗುವಷ್ಟು ರೊಟ್ಟಿ, ಶೇಂಗಾ ಹಿಂಡಿಯ ಗಂಟಿನೊಂದಿಗೆ ಬಸ್ಸಿಳಿಯುತ್ತಿದ್ದರು. ಮಕ್ಕಳು ಅವರನ್ನು ದೊಡ್ಡ ಸರ್ ಅನ್ನುತ್ತಿದ್ದರು. ಅವರಿಗೆ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಇಲಾಖೆಯ ಮೊಹರು ಬಿದ್ದ ಯಾವ ವಸ್ತುವನ್ನಾದರೂ ಅವರು ಎರಡೂ ಕೈಯಿಂದ ಹಿಡಿಯುತ್ತಿದ್ದರು. ನಾನು ಹಾಗೆ ಹಿಡಿಯುತ್ತಿದ್ದದ್ದು ಬಿಸಿ ಮಂಡಕ್ಕಿ ಒಗ್ಗರಣಿಯ ಪ್ಲೇಟು ಮಾತ್ರ.

ನಾನು ಹೋದ ವರ್ಷವೇ ಇಲಾಖೆಯಿಂದ ಒಂದು ಟೇಪ್ ರೆಕಾರ್ಡರ್ ಬಂತು. ಜೊತೆಗೆ ಹನ್ನೆರಡು ಕ್ಯಾಸೆಟ್ಟು. ನಾಲ್ಕನೇ ತರಗತಿಯ ಕನ್ನಡ ಪಾಠಗಳನ್ನು ಮೈಸೂರು ಕಡೆಯ ಒಬ್ಬ ಹೆಂಗಸು ಓದಿದ್ದರು. ಮಕ್ಕಳು ಪುಸ್ತಕ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು, ಆಕೆಯ ಜೊತೆ ಓದಬೇಕು. ಶಾಲೆಗೆ ಕರೆಂಟು ಇರಲಿಲ್ಲ. ಆದ್ದರಿಂದ ಆರು ದಪ್ಪ ಸೆಲ್ಲುಗಳೂ ಬಂದಿದ್ದವು, ಇಲಾಖೆಯ ಗೋದಾಮಿನಲ್ಲಿ ಬಿದ್ದು ಬಿದ್ದು ಆಗಲೇ ಅರ್ಧ ಇಳಿದಿದ್ದವು. ಅವು ಮುಗಿದ ಮೇಲೆ ಏನು ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ.

ದೊಡ್ಡ ಸರ್ ಯಾರೂ ಹೇಳುವವರೆಗೆ ಕಾಯಲಿಲ್ಲ. ಮೂರು ವಾರದಲ್ಲಿ ಸೆಲ್ಲು ಪೂರ್ತಿ ಇಳಿದಾಗ ಅವನ್ನು ತೆಗೆದು ಶಾಲೆಯ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ನಮ್ಮ ಕಡೆ ರೇಡಿಯೋ ಇದ್ದವರೆಲ್ಲ ಮಾಡುತ್ತಿದ್ದದ್ದೇ. ಬಿಸಿಲಿನಲ್ಲಿ ಕಾದ ಸೆಲ್ಲಿಗೆ ಒಂದಿಷ್ಟು ಜೀವ ಬರುತ್ತದೆ, ಮತ್ತೆ ನಾಲ್ಕು ದಿನ ಎಳೆಯುತ್ತದೆ. ರಾಯಚೂರು ಜಿಲ್ಲೆಗೆ ಸರ್ಕಾರ ಏನು ಕೊಡದಿದ್ದರೂ ಬಿಸಿಲಿಗೆ ಬರವಿರಲಿಲ್ಲ. ಪಕ್ಕದ ಮನೆಯ ಅಜ್ಜಿಯ ಸಂಡಿಗೆಗಳ ಸಾಲಿನ ಪಕ್ಕದಲ್ಲೇ ಆರು ಸೆಲ್ಲುಗಳು ಒಣಗುತ್ತಿದ್ದವು. ಅಜ್ಜಿ ಕಾಗೆ ಓಡಿಸುವಾಗ ಸೆಲ್ಲಿನ ಮೇಲಿನ ಕಾಗೆಯನ್ನೂ ಓಡಿಸುತ್ತಿದ್ದಳು.

"ಸರ್, ಇದು ವಿಜ್ಞಾನ ಅಲ್ಲ" ಅಂದೆ.

"ಪಾಠ ಕೇಳಸ್ತದೋ ಇಲ್ಲೋ?"

"ಕೇಳಸ್ತದ. ಆದ್ರ ಯಂತ್ರದ ಬಗ್ಗೆ ನನ್ನ ಆಕ್ಷೇಪಣೆ ಮೂರು ಅವ. ಒಂದನೇದು..."

"ನೋಡವ್ವಾ, ನೀ ಗೆದ್ದಿ" ಅಂದರು ದೊಡ್ಡ ಸರ್. "ಈಗ ಒಂದನೇತ್ತಿ ಹುಡುಗರು ಮಣ್ಣು ತಿನ್ನಾಕತ್ತಾವ, ಒಂಚೂರು ನೋಡು."

ನನ್ನ ಜೊತೆ ವಾದ ಮಾಡುವ ಅವರ ಕ್ರಮವೇ ಅದು. ಮೊದಲೇ ಸೋತುಬಿಡುತ್ತಿದ್ದರು. ಎದುರಾಳಿ ಮೊದಲೇ ಸೋತರೆ ಏನು ಮಾಡಬೇಕು ಎಂದು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ನಾಲ್ಕನೇ ತರಗತಿ ಊಟದ ಬಿಡುವಿನ ತನಕ ಅವರ ರೆಕಾರ್ಡರಿಗೆ, ಊಟವಾದ ಮೇಲೆ ನನ್ನ ಹಲಗೆಗೆ.

ಹಲಗೆಯ ಮೇಲೆ ನಾನು ಮೂರು ಪ್ರಶ್ನೆ ಬರೆದಿದ್ದೆ, ವರ್ಷವಿಡೀ ಅಳಿಸಲಿಲ್ಲ. ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಏನು ಹೇಳದೆ ಬಿಟ್ಟರು? ಓದುವುದೆಂದರೆ ಅಕ್ಷರ ಕೂಗುವುದಲ್ಲ, ಓದಿದ್ದನ್ನು ಹಿಡಿದು ನಿಲ್ಲಿಸಿ ಕೇಳುವುದು ಎಂಬುದು ನನ್ನ ಸಿದ್ಧಾಂತ. ಮಕ್ಕಳನ್ನು ಹೊರಗೆ ಕರೆದೊಯ್ದು ಸಿಕ್ಕಿದ್ದನ್ನೆಲ್ಲ ಓದಿಸುತ್ತಿದ್ದೆ. ಬೀಜದ ಚೀಲದ ಮೇಲೆ 'ಉತ್ತಮ ಬೀಜ' ಎಂದಿತ್ತು. ಯಾರು ಹೇಳಿದರು? "ಮಾರಾವ್ರು ರೀ!" ಎಂದು ಇಡೀ ತರಗತಿ ಕೂಗಿತು. ಹೋಟೆಲಿನ ಗೋಡೆಯ ಮೇಲೆ ಯಾರೋ ಬಸ್ಸಿನ ವೇಳೆ ಬರೆದಿದ್ದರು, ಬೆಳಿಗ್ಗೆ ಏಳು ಗಂಟೆ. ಏನು ಹೇಳದೆ ಬಿಟ್ಟರು?

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಏಳು ಗಂಟೆ ಅಂತ ಅದ್ರೀ. ಯಾವತ್ತಿಂದು ಅಂತ ಇಲ್ರೀ."

ಆ ಹುಡುಗಿಯ ಬಗ್ಗೆ ಹೇಳಬೇಕು. ಏನು ಹೇಳಿದರೂ "ಯಾಕ್ರೀ?" ಅನ್ನುತ್ತಿದ್ದಳು. ಬಾಯಿ ಮುಚ್ಚು ಅಂದರೂ "ಯಾಕ್ರೀ?" ಅಂದು, ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಅವ್ವ ಕೂಲಿಗೆ ಹೋಗುವವಳು. ದೀಪಾವಳಿ ಕಳೆದ ಮೇಲೆ ಒಂದು ದಿನ ಆ ತಾಯಿ ಹತ್ತಿ ಬಿಡಿಸಿದ ಮೈಯಲ್ಲೇ ಶಾಲೆಗೆ ಬಂದು, ಇದು ಕಡೆಯ ವರ್ಷ, ಮುಂದಿನ ಮಳೆಗಾಲಕ್ಕೆ ಹುಡುಗಿ ತನ್ನ ಜೊತೆ ಹೊಲಕ್ಕೆ ಬರುತ್ತಾಳೆ ಎಂದು ಹೇಳಿದಳು. ನಮ್ಮಲ್ಲಿ ಇದ್ದದ್ದು ನಾಲ್ಕನೇ ತರಗತಿಯವರೆಗೆ. ಐದಕ್ಕೆ ಹೋಗಬೇಕೆಂದರೆ ಐದು ಮೈಲಿ ನಡೆಯಬೇಕಿತ್ತು.

ನಾನು ಎದ್ದು ನಿಂತೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮೇಲೆ ನನ್ನಲ್ಲಿ ಎಂಟು ನಿಮಿಷದ ಭಾಷಣವೊಂದು ಸಿದ್ಧವಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಆಕೆ ಕೈ ಎತ್ತಿದಳು.

"ಟೀಚರವ್ವಾ, ನಾನು ಓದಬ್ಯಾಡ ಅಂದೀನೇನು? ಹಾದಿ ಬ್ಯಾಡ ಅಂದೀನಿ. ಹಳ್ಳದ ದಂಡಿ ಹಿಡದು ಒಬ್ಬಾಕಿ ಹೋಗಿ ಬರಬೇಕು. ನಿಮ್ಮ ಮಗಳಾಗಿದ್ರ ಕಳಸ್ತಿದ್ರೇನು?"

ನನಗೆ ಮಗಳಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಅದು ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಕುಳಿತುಕೊಂಡೆ.

"ಐದನೇತ್ತಿ ಇಲ್ಲೇ ಬಂದ್ರ?" ಎಂದು ದೊಡ್ಡ ಸರ್ ಮೆಲ್ಲಗೆ ಕೇಳಿದರು.

"ಇಲ್ಲೇ ಬಂದ್ರ ಓದ್ಲಿ ಬಿಡ್ರಿ. ಮನ್ಯಾಗಿದ್ರ ನನ್ನ ತಲಿ ತಿಂತಾಳ."

ಐದನೇ ತರಗತಿ ಕೇಳಿ ದೊಡ್ಡ ಸರ್ ಎರಡು ವರ್ಷದಿಂದ ಅರ್ಜಿ ಹಾಕುತ್ತಿದ್ದರು. ಆ ಸಲ ಉತ್ತರ ಬಂದಿತ್ತು. ಫೆಬ್ರವರಿಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ, ನಾಲ್ಕನೇ ತರಗತಿಯ ಓದು ಪರೀಕ್ಷಿಸುತ್ತಾರೆ, ಹೊಸ ಉಪಕರಣದ ಬಳಕೆ ನೋಡುತ್ತಾರೆ. ಎರಡೂ ಸರಿಯಿದ್ದರೆ ಐದನೇ ತರಗತಿಗೆ ಶಿಫಾರಸು ಮಾಡುತ್ತಾರೆ. ಅಂದರೆ ಆ ಹುಡುಗಿಯ ಐದನೇ ತರಗತಿ ಆ ಒಂದು ದಿನದ ಓದಿನ ಮೇಲೆ ನಿಂತಿತ್ತು.

ಅವತ್ತೇ ನಾಲ್ಕನೇ ತರಗತಿಯವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಗಟ್ಟಿಯಾಗಿ ಓದಿಸಿದೆ. ಅಲ್ಲಿಯವರೆಗೆ ನಾನು ಅವರನ್ನು ಪ್ರಶ್ನೆ ಕೇಳಿಸುವುದರಲ್ಲೇ ಇಟ್ಟಿದ್ದೆ. ಪಾಠ ಓದಿಸುವುದು ಬೆಳಗಿನ ರೆಕಾರ್ಡರಿನ ಕೆಲಸವಾಗಿತ್ತು; ಆ ಹೊತ್ತು ನಾನು ಪಕ್ಕದ ಕೋಣೆಯಲ್ಲಿ ಸಣ್ಣ ಮಕ್ಕಳ ಗದ್ದಲದಲ್ಲಿರುತ್ತಿದ್ದೆ. ಮೊದಲು ಎದ್ದವಳು ಅದೇ ಹುಡುಗಿ. ಪುಸ್ತಕ ಹಿಡಿದಳು, ಗದ್ದ ಕೆಳಗೆ ಒತ್ತಿಕೊಂಡಳು, ಬಾವಿಯ ತಳದಿಂದ ಬಂದಂಥ ಗಂಡು ದನಿಯಲ್ಲಿ ಶುರುಮಾಡಿದಳು.

"ಒಂದೂಊಊ... ಊರಿನಲ್ಲೀಈಈ... ಒಬ್ಬಾಆಆ..."

"ನಿಲ್ಲು ನಿಲ್ಲು. ಗಂಟಲಿಗೆ ಏನಾಗ್ಯಾದ?"

"ಏನೂ ಆಗಿಲ್ರೀ."

"ಮತ್ತ ಹಿಂಗ್ಯಾಕ ಓದಾಕತ್ತಿ?"

"ಓದಾದು ಹಿಂಗಽ ಅಲ್ರೀ?"

ಎರಡನೆಯವನನ್ನು ಎಬ್ಬಿಸಿದೆ. ಅವನದೂ ಅದೇ ಬಾವಿ. ಮೂರನೆಯವಳು ಇನ್ನೂ ಆಳ. ಪಾಠದ ಮೊದಲ ಪ್ಯಾರಾ ತಕ್ಕಮಟ್ಟಿಗೆ ಮನುಷ್ಯರ ಹಾಗೆ ಓದಿದವರು ಕೊನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ನಿದ್ದೆಗೆ ಜಾರುವ ಎಮ್ಮೆಗಳಾಗುತ್ತಿದ್ದರು. ಆಮೇಲೆ ಅರ್ಥವಾಯಿತು. ಇಳಿದ ಸೆಲ್ಲಿನಲ್ಲಿ ರೆಕಾರ್ಡರಿನ ಸುರುಳಿ ನಿಧಾನ ತಿರುಗುತ್ತದೆ, ಮೈಸೂರಿನ ಹೆಂಗಸು ಗಂಡಸಾಗುತ್ತಾಳೆ; ಪಾಠ ಮುಗಿಯುವ ಹೊತ್ತಿಗೆ ಸೆಲ್ಲು ಇನ್ನೂ ಸೋತು ಮತ್ತೂ ಎಳೆಯುತ್ತಾಳೆ. ಮಕ್ಕಳು ಕಲಿತದ್ದು ಅದನ್ನೇ, ಒಂದು ಎಳೆತವನ್ನೂ ಬಿಡದೆ. ಸೋಮವಾರ ಅವರ ಓದು ಚುರುಕು, ಏಕೆಂದರೆ ಭಾನುವಾರವಿಡೀ ಸೆಲ್ಲು ಬಿಸಿಲಲ್ಲಿರುತ್ತಿತ್ತು. ಶನಿವಾರ ಯಾರ ಓದಿಗೂ ಜೀವವಿರುತ್ತಿರಲಿಲ್ಲ.

ಇಂಥ ಸಾಕ್ಷ್ಯ ಸಿಕ್ಕಿದರೆ ಚರ್ಚಾಪಟುವಿಗೆ ಆಗುವ ಸಂತೋಷ ಬೇರೆಯೇ. ದೊಡ್ಡ ಸರ್ ಮುಂದೆ ಹೋಗಿ ಎಲ್ಲವನ್ನೂ ಮಂಡಿಸಿದೆ.

ಅವರು ಕನ್ನಡಕ ಒರೆಸಿಕೊಂಡರು. "ಸಾವಕಾಶ ಓದ್ತಾವ, ಖರೆ. ತಪ್ಪು ಓದ್ತಾವೇನು?"

"ಅದು ಪ್ರಶ್ನೆ ಅಲ್ಲ ಸರ್."

"ನನಗ ಅದಽ ಪ್ರಶ್ನಿ ಅನಸ್ತದ. ಹೋದ ವರ್ಷ ಇವು 'ಕ' ಎಲ್ಲದ 'ತ' ಎಲ್ಲದ ಅಂತ ಹುಡಕ್ತಿದ್ವು."

ತರಗತಿಗೆ ಬಂದು, ಸರಿಯಾಗಿ ಓದುವುದು ಹೇಗೆಂದು ನಾನೇ ಓದಿ ತೋರಿಸಿದೆ. ಏರಿಳಿತ, ಭಾವ, ಎಲ್ಲ ಇತ್ತು. ಮುಗಿಸಿ ತಲೆ ಎತ್ತಿದರೆ ಯಾರ ಬೆರಳೂ ಪುಸ್ತಕದ ಮೇಲಿರಲಿಲ್ಲ; ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಟೀಚರ್ರೀ" ಅಂದಳು ಹುಡುಗಿ, "ನೀವು ಭಾಳ ಜೋರು ಓದ್ತೀರಿ. ಬಟ್ಟು ಇಡೋದ್ರಾಗ ಸಾಲು ಹೋಗಿಬಿಡ್ತದ್ರೀ."

ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ.

ಫೆಬ್ರವರಿ ಹತ್ತಿರ ಬಂದಂತೆ ನನ್ನ ತರ್ಕ ಗಟ್ಟಿಯಾಯಿತು. ರೋಗಕ್ಕೆ ಕಾರಣ ಸತ್ತ ಸೆಲ್ಲು. ಕಾರಣ ತೆಗೆದರೆ ರೋಗ ಹೋಗುತ್ತದೆ. ಸಾಹೇಬರ ಮುಂದೆ ಹಳೆ ಸೆಲ್ಲು ಹಾಕಿದರೆ ಮರ್ಯಾದೆ ಹೋಗುತ್ತದೆ, ಐದನೇ ತರಗತಿಯೂ ಹೋಗುತ್ತದೆ. ಆದ್ದರಿಂದ ಹೊಸ ಸೆಲ್ಲು ತರಬೇಕು. ಮೂರು ಅಂಶ, ಒಂದು ತೀರ್ಮಾನ. ದೊಡ್ಡ ಸರ್ ಆ ದಿನ ಮೊದಲ ಬಾರಿಗೆ ಒಂದು ಆಕ್ಷೇಪಣೆ ಎತ್ತಿದರು.

"ಇಷ್ಟು ದಿನ ಕೇಳಿದ್ದು ಕೇಳ್ಲಿ ಬಿಡವ್ವಾ. ಪರೀಕ್ಷೆ ದಿನ ಹೊಸದು ಯಾಕ?"

ನಾನು ಅದನ್ನು ಎರಡೇ ನಿಮಿಷದಲ್ಲಿ ಹೊಡೆದು ಹಾಕಿದೆ. ಭಾನುವಾರ ರಾಯಚೂರಿಗೆ ಹೋಗಿ, ತೀನ್ ಕಂದೀಲ್ ವೃತ್ತದ ಹತ್ತಿರದ ಅಂಗಡಿಯಲ್ಲಿ ಆರು ಹೊಸ ಸೆಲ್ಲು ಆರಿಸಿ, ಅಂಗಡಿಯವನ ರೇಡಿಯೋದಲ್ಲಿ ಹಾಕಿಸಿ ಕೇಳಿ ತಂದೆ. "ಬೀಬೀಜಿ, ಸೆಲ್ಲಿಗಿ ಇಷ್ಟು ಸವಾಲ್ ಯಾರೂ ಕೇಳಿಲ್ರೀ" ಅಂದ ಆತ.

ಸಾಹೇಬರು ಬೆಳಗಿನ ಬಸ್ಸಿಗೇ ಬಂದರು. ಏಳರ ಬಸ್ಸು ಅಂದು ಏಳಕ್ಕೇ ಬಂದಿತ್ತು, ಅದೇ ಅಪಶಕುನ. ದಪ್ಪ ಕನ್ನಡಕ, ಕಂಕುಳಲ್ಲಿ ಫೈಲು. ಮಕ್ಕಳು ಎಣ್ಣೆ ಹಚ್ಚಿದ ತಲೆಗಳ ಸಾಲಾಗಿ ಕುಳಿತಿದ್ದರು. ಹುಡುಗಿಯ ಅವ್ವ ಕೂಲಿ ಬಿಟ್ಟು ಬಂದು, ಕಿಟಕಿಯ ಹೊರಗೆ ಬೇವಿನ ಗಿಡದ ನೆರಳಲ್ಲಿ ನಿಂತಿದ್ದಳು. "ಪುಸ್ತಕ ತಗೀರಿ" ಅಂದರು ದೊಡ್ಡ ಸರ್. ಹೊಸ ಸೆಲ್ಲು ತುಂಬಿದ ರೆಕಾರ್ಡರಿನ ಗುಂಡಿಯನ್ನು ನಾನು ಒತ್ತಿದೆ.

ಕೋಣೆಯ ತುಂಬ ಚೂಪಾದ ಎಳೆ ದನಿಯೊಂದು ಚಿಮ್ಮಿತು. ಒಂದೂರಿನಲ್ಲಿ ಒಬ್ಬ ಎಂದು ಶುರುವಾದದ್ದು, ಬೆರಳು ಮೊದಲ ಅಕ್ಷರಕ್ಕೆ ಮುಟ್ಟುವ ಮೊದಲೇ ಎರಡನೇ ಸಾಲಿಗೆ ಹೋಗಿತ್ತು. ಮಕ್ಕಳು ಪುಸ್ತಕ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲಿನಿಂದ ಒಂದು ನಗೆ ಬಂತು. ಆಮೇಲೆ ಎಲ್ಲ ಸಾಲಿನಿಂದಲೂ.

"ಟೀಚರ್ರೀ, ಈಕಿ ಯಾರ್ರೀ?" ಎಂದು ಹುಡುಗಿ ಕೇಳಿದಳು.

"ಅವರ ಮಗಳಿರಬೇಕಲೇ" ಎಂದು ಪಕ್ಕದವನು ಪಿಸುಗುಟ್ಟಿದ. "ಅವ್ರಿಗೆ ಆರಾಮಿಲ್ಲ, ಅದಕ್ಕ ಈಕಿ ಬಂದಾಳ."

ಸಾಹೇಬರು ಕೈ ಎತ್ತಿ ರೆಕಾರ್ಡರ್ ನಿಲ್ಲಿಸಿದರು. "ಏನ್ರೀ ಹೆಡ್‌ಮಾಸ್ತರೇ, ಮಕ್ಕಳು ಈ ದನಿ ಇವತ್ತೇ ಮೊದಲ ಸಲ ಕೇಳಾಕತ್ತಾರಲ್ರೀ? ವರ್ಷಪೂರ್ತಿ ಡಬ್ಬಿಯೊಳಗಽ ಇಟ್ಟಿದ್ರೇನು?"

ಪ್ರಾಮಾಣಿಕವಾಗಿ ನೋಡಿದರೆ ಆ ದನಿಯನ್ನು ಅವರು ಮೊದಲ ಸಲ ಕೇಳುತ್ತಿದ್ದದ್ದು ನಿಜವೇ. ದೊಡ್ಡ ಸರ್ ರೆಕಾರ್ಡರನ್ನು ಎರಡೂ ಕೈಯಿಂದ ಮೇಜಿನ ನಡುವಿಗೆ ಸರಿಸಿದರು. ದಿನಾ ಮಾಳಿಗೆ ಹತ್ತಿ ಇಳಿದು ಸೆಲ್ಲು ಕಾಯಿಸಿದ ಮನುಷ್ಯ. ಕಿಟಕಿಯ ಹೊರಗೆ ಆ ತಾಯಿ ಸೆರಗು ಕಟ್ಟಿಕೊಂಡು ನಿಂತಿದ್ದಳು, ಹೊಲಕ್ಕೆ ಹೊರಡುವವಳ ಹಾಗೆ. ನಾನು ಗೆದ್ದ ವಾದದ ಫಲ ಕಣ್ಣ ಮುಂದೆ ಇತ್ತು. ನಾನು ಎದ್ದು, "ಸರ್, ಇದರಲ್ಲಿ ಮೂರು ಅಂಶಗಳಿವೆ" ಎಂದು ಶುರುಮಾಡುವಷ್ಟರಲ್ಲಿ, ದೊಡ್ಡ ಸರ್ ಮೇಜಿನ ಕೆಳಗಿನಿಂದ ಅಂಗೈ ಅಲ್ಲಾಡಿಸಿದರು. ಕುಂದರು, ಎಂದು. ಯಾಕೋ ಕುಳಿತೆ.

"ಓದು ನೋಡೋಣ" ಎಂದು ಸಾಹೇಬರು ಮುಂದಿನ ಸಾಲಿನ ಹುಡುಗಿಯತ್ತ ಕೈ ಮಾಡಿದರು. "ಪುಸ್ತಕ ಬ್ಯಾಡ. ಬಾಯಿಪಾಠ ಇರ್ತದ." ಫೈಲು ಬಿಚ್ಚಿ ಒಂದು ಹಾಳೆ ತೆಗೆದು ಅವಳ ಕೈಗೆ ಕೊಟ್ಟರು. ಟೇಪ್ ರೆಕಾರ್ಡರ್ ಬಗ್ಗೆ ಇಲಾಖೆ ಎಲ್ಲ ಶಾಲೆಗೂ ಕಳಿಸಿದ ಸುತ್ತೋಲೆ. ಅದನ್ನು ಓದುವಾಗ ನನಗೇ ಎರಡು ಕಡೆ ಉಸಿರು ಕಟ್ಟಿತ್ತು.

ಹುಡುಗಿ ಹಾಳೆಯನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ, ಬೆರಳಿಟ್ಟಳು. ಗದ್ದ ಕೆಳಗೆ ಹೋಯಿತು. ನಾನು ಕಣ್ಣು ಮುಚ್ಚಿದೆ.

"ಉಪಕರಣವನ್ನೂಊಊ... ಪ್ರತಿದಿನವೂಊಊ... ಉತ್ತಮಾಆಆ... ಸ್ಥಿತಿಯಲ್ಲಿರುವಾಆಆ... ಸೆಲ್ಲುಗಳೊಂದಿಗೇಏಏ... ಬಳಸತಕ್ಕದ್ದೂಊಊ..."

ಸಾಹೇಬರು ಬೆಚ್ಚಿ, "ಕೂಸಿಗೆ ಏನಾಗ್ಯಾದ್ರೀ?" ಎಂದು ದೊಡ್ಡ ಸರ್ ಕಡೆ ತಿರುಗಿದರು. ಹುಡುಗಿ ನಿಲ್ಲಿಸಲಿಲ್ಲ. ಒತ್ತಕ್ಷರಗಳ ಮೇಲೆ ಎತ್ತಿನಗಾಡಿ ಕಲ್ಲು ಹತ್ತಿ ಇಳಿಯುವ ಹಾಗೆ ಹತ್ತಿ ಇಳಿಯುತ್ತ ಸಾಗಿದಳು. ಸಾಹೇಬರು ಒಂದು ಕೈಯಲ್ಲಿ ಗದ್ದ ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡಿದರು; ಆಮೇಲೆ ಗಡಿಯಾರ ನೋಡುವುದನ್ನು ಬಿಟ್ಟು, ಬಗ್ಗಿ ಅವಳ ಬೆರಳನ್ನು ನೋಡತೊಡಗಿದರು. ಬೆರಳು ಒಂದು ಅಕ್ಷರವನ್ನೂ ಹಾರಲಿಲ್ಲ. ಕೊನೆಯ ಸಾಲಿಗೆ ಬಂದಾಗ ಅವಳ ದನಿ ಕೋಣೆಯ ನೆಲದಡಿಗೆ ಹೋಗಿತ್ತು. ಆದರೂ ಒಂದು ತಪ್ಪಿಲ್ಲ.

"ಏನು ತಿಳೀತು?"

"ಇದನ್ನ ದಿನಾ ಹಚ್ಚಬೇಕಂತ್ರೀ. ಚಲೋ ಸೆಲ್ಲು ಹಾಕಬೇಕಂತ್ರೀ." ಹುಡುಗಿ ಮತ್ತೆ ಬೆರಳನ್ನು ಹಾಳೆಯ ಮೇಲಿಟ್ಟು, ಮೇಲಿನಿಂದ ಕೆಳಗೆ ಒಮ್ಮೆ ಎಳೆದಳು. "ಸೆಲ್ಲು ಯಾರು ಕೊಡ್ತಾರಂತ ಎಲ್ಲೂ ಬರದಿಲ್ರೀ. ಯಾಕ್ರೀ?"

ಸಾಹೇಬರು ಹಾಳೆಯನ್ನು ಎತ್ತಿಕೊಂಡು ತಾವೇ ಓದಿದರು. ತಿರುಗಿಸಿ ಹಿಂದೆ ಏನಾದರೂ ಇದೆಯೇ ನೋಡಿದರು. ಹಿಂದೆ ಖಾಲಿ ಇತ್ತು.

"ಇಷ್ಟು ದಿನ ಸೆಲ್ಲಿಗೆ ಏನು ಮಾಡಿದ್ರಿ, ಹೆಡ್‌ಮಾಸ್ತರೇ?"

"ಬಿಸಲಾಗ ಇಟ್ಟೀವ್ರೀ" ಅಂದರು ದೊಡ್ಡ ಸರ್, ತಪ್ಪೊಪ್ಪಿಕೊಳ್ಳುವವರ ಹಾಗೆ.

ಸಾಹೇಬರು ಕಿಟಕಿಯಾಚೆಯ ಬಿಸಿಲನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಆಮೇಲೆ ಅವರ ಹೊಟ್ಟೆ ಮೊದಲು ಅಲುಗಿತು, ನಗೆ ಆಮೇಲೆ ಬಂತು. "ಹಾಂ! ಅದಕ್ಕ!" ಎಂದು ಮೇಜು ಗುದ್ದಿದರು. "ನಮ್ಮ ಮನಿ ರೇಡಿಯೋನೂ ಬ್ಯಾಸಿಗ್ಯಾಗ ಹಿಂಗಽ ಮಾತಾಡ್ತದ್ರೀ, ಯಪ್ಪಾ!" ಸೆಲ್ಲು ಸತ್ತರೆ ರೇಡಿಯೋ ದನಿ ಸಣ್ಣದಾಗುತ್ತದೆ, ದಪ್ಪವಾಗುವುದಿಲ್ಲ ಎಂದು ತಿದ್ದಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಷ್ಟು ದೊಡ್ಡದನ್ನು ನಾನು ಮೊದಲೆಂದೂ ನುಂಗಿರಲಿಲ್ಲ.

ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ನನಗೆ ಬಾಯಿಪಾಠ: ಉಚ್ಚಾರ ಸ್ಪಷ್ಟ, ಗ್ರಹಿಕೆ ಉತ್ತಮ, ವೇಗ ಬಿಸಿಲನ್ನು ಅವಲಂಬಿಸಿದೆ, ಐದನೇ ತರಗತಿಗೆ ಶಿಫಾರಸು ಮಾಡಿದೆ.

ಅವರು ಹೋದ ಮೇಲೆ ದೊಡ್ಡ ಸರ್ ಹೊಸ ಸೆಲ್ಲುಗಳನ್ನು ಬಿಚ್ಚಿ ನನ್ನ ಕೈಗಿಟ್ಟರು. "ಇವನ್ನ ಮನಿಗೆ ಒಯ್ಯವ್ವಾ. ಹಳೇವು ಮ್ಯಾಲಿಂದ ತರ್ತೀನಿ."

ಅಂದು ನಾನು ಮಕ್ಕಳ ಜೊತೆ ನೆಲದ ಮೇಲೆ ಕುಳಿತು, ಹಳೆ ಸೆಲ್ಲಿನ ಪಾಠವನ್ನು ಮೊದಲ ಬಾರಿಗೆ ಪೂರ್ತಿ ಕೇಳಿದೆ, ಬೆರಳಿಟ್ಟು. ಒಂದೊಂದು ಅಕ್ಷರದ ಮೇಲೆ ಬೆರಳು ನಿಂತು, ನೋಡಿ, ಮುಂದೆ ಹೋಗಲು ಸಮಯವಿತ್ತು. ನಾನು ವರ್ಷವಿಡೀ ಅವರಿಗೆ ಪ್ರಶ್ನೆ ಕೇಳಲು ಕಲಿಸಿದ್ದೆ. ಓದಲು ಕಲಿಸಿದ್ದು ಸಾಯುತ್ತಿದ್ದ ಆ ಆರು ಸೆಲ್ಲುಗಳು. ಅಕ್ಷರ ಸಿಗದವರ ಕೈಯಲ್ಲಿ ನನ್ನ ಮೂರು ಪ್ರಶ್ನೆಗಳಿಂದ ಏನು ಪ್ರಯೋಜನವಿತ್ತು? ಪ್ರಶ್ನೆಗಳಿಲ್ಲದಿದ್ದರೆ ಆ ಎಳೆತ ಬರೀ ಎಳೆತವಾಗಿಯೇ ಉಳಿಯುತ್ತಿತ್ತು ಎಂದು ನಾನು ಈಗಲೂ ವಾದಿಸಬಲ್ಲೆ, ವಾದಿಸುತ್ತೇನೆ ಕೂಡ. ಆದರೆ ಅಂದಿನಿಂದ ನಾನು ತರಗತಿಯಲ್ಲಿ ಗಟ್ಟಿಯಾಗಿ ಓದುವಾಗ ಎಲ್ಲ ಬೆರಳುಗಳೂ ಸಾಲಿನ ಕೊನೆ ಮುಟ್ಟಿವೆಯೇ ಎಂದು ನೋಡಿ ಮುಂದಕ್ಕೆ ಹೋಗುತ್ತೇನೆ. ಅವ್ವನಿಗೆ ಇದನ್ನೆಲ್ಲ ಹೇಳಿದಾಗ ಅವಳು ಎರಡೂ ಲೋಟದಲ್ಲಿ ಮಜ್ಜಿಗೆ ಹಾಕಿ ನನ್ನ ಮುಂದಿಟ್ಟಳು.

ಐದನೇ ತರಗತಿಯ ಮಂಜೂರಾತಿ ಜುಲೈನಲ್ಲಿ ಬಂತು. ಅಷ್ಟರಲ್ಲಿ ಹುಡುಗಿ ಎರಡು ವಾರ ಹೊಲಕ್ಕೆ ಹೋಗಿ ಬಂದಿದ್ದಳು. ದೊಡ್ಡ ಸರ್ ಆದೇಶದ ಹಾಳೆ ಹಿಡಿದು ತಾವೇ ಹೊಲದ ಬದುವಿಗೆ ನಡೆದರು, ನಾನು ಹಿಂದೆ. ತಾಯಿ ಮಗಳು ಇಬ್ಬರೂ ಕಳೆ ತೆಗೆಯುತ್ತಿದ್ದರು.

"ಬಂತವ್ವಾ" ಅಂದರು ದೊಡ್ಡ ಸರ್.

ತಾಯಿ ಹಾಳೆಯನ್ನು ನೋಡಿದಳು, ನಮ್ಮನ್ನು ನೋಡಿದಳು. "ಇದ್ರಾಗ ಹಂಗಂತ ಬರದದೇನು? ಯಾರು ನೋಡ್ಯಾರ? ಲೇ, ಬಾ ಇಲ್ಲಿ. ನೀ ಓದು."

ಹುಡುಗಿ ಕೈ ಕೊಡವಿಕೊಂಡು, ಹಾಳೆ ಹಿಡಿದು, ಗದ್ದ ಒತ್ತಿಕೊಂಡಳು. "ಈ ಮೂಲಕಾಆಆ... ತಿಳಿಸುವುದೇನೆಂದರೇಏಏ..."

ತಾಯಿ ಸ್ವಲ್ಪ ಹೊತ್ತು ಕೇಳಿದಳು. ಕಳೆ ತೆಗೆಯುವ ಕುರ್ಚಿಗಿಯನ್ನು ಕೈಗೆತ್ತಿಕೊಂಡಳು. "ಯವ್ವಾ, ನೀ ಹಿಂಗ ಓದಿದ್ರ ನಾನು ಈ ಹೊಲದ ಕಳಿ ಎಲ್ಲ ತಗದು ಮುಗಿಸಿರ್ತೀನಿ."

"ಮುಗಿಸಿಕೊಂಡು ಬಾ" ಅಂದಳು ಹುಡುಗಿ, ಬೆರಳು ಎತ್ತದೆ. "ಅಷ್ಟ್ರಾಗ ನಂದೂ ಮುಗದಿರ್ತದ."